ಒಂದೇ ಅಕ್ಷಾಂಶ, ಮೂರು ಆಕಾಶ

ತಾರಸಿಯ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸಲು ಬಂದವರನ್ನು ‘ಎಷ್ಟು ಡಿಗ್ರಿ ವಾಲಿಸುತ್ತೀರಿ?’ ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: ಊರಿನ ಅಕ್ಷಾಂಶ ಎಷ್ಟೋ ಅಷ್ಟು, ಮುಖ ದಕ್ಷಿಣಕ್ಕೆ. ಬೆಂಗಳೂರಿಗೆ 13, ಹುಬ್ಬಳ್ಳಿಗೆ 15, ಬೀದರಿಗೆ 18. ಈ ಸೂತ್ರಕ್ಕೆ ಬುಡವಿಲ್ಲ ಎನ್ನುವಂತಿಲ್ಲ. ವರ್ಷವಿಡೀ ಸೂರ್ಯ ಭೂಮಧ್ಯರೇಖೆಯ ಆಚೆಗೂ ಈಚೆಗೂ 23.45 ಡಿಗ್ರಿಯವರೆಗೆ ಸರಿದಾಡುತ್ತಾನೆ. ಸರಾಸರಿ ತೆಗೆದರೆ ಅವನ ಜಾಗ ಭೂಮಧ್ಯರೇಖೆಯ ನೆತ್ತಿ. ಅಕ್ಷಾಂಶದಷ್ಟು ದಕ್ಷಿಣಕ್ಕೆ ವಾಲಿದ ಫಲಕ ಆ ಸರಾಸರಿ ಸೂರ್ಯನಿಗೆ ನೇರ ಎದುರಾಗುತ್ತದೆ. ಆದರೆ ಈ ಲೆಕ್ಕದಲ್ಲಿ ಮೋಡವಿಲ್ಲ, ದೂಳಿಲ್ಲ, ಮಳೆಗಾಲವೇ ಇಲ್ಲ. ಮಂಗಳೂರು, ಬೆಂಗಳೂರು, ಚೆನ್ನೈ ಮೂರೂ 13 ಡಿಗ್ರಿಯ ಆಸುಪಾಸಿನಲ್ಲೇ ಇವೆ. ಬೆಂಗಳೂರಿನಿಂದ ರಸ್ತೆಯಲ್ಲಿ ಹೊರಟರೆ ಆ ಕಡೆಗೂ ಸುಮಾರು 350 ಕಿಲೋಮೀಟರ್, ಈ ಕಡೆಗೂ ಹೆಚ್ಚುಕಡಿಮೆ ಅಷ್ಟೇ. ಸೂತ್ರ ಮೂರೂ ಊರಿಗೆ ಒಂದೇ ಉತ್ತರ ಕೊಡುತ್ತದೆ. ಅವುಗಳ ಮೇಲಿನ ಆಕಾಶ ಮಾತ್ರ ಮೂರು ಬಗೆಯದು. ಎಷ್ಟು ವಾಲಿಸಬೇಕು ಎಂಬುದನ್ನು ಅಕ್ಷಾಂಶ ಅರ್ಧ ಮಾತ್ರ ಹೇಳುತ್ತದೆ, ಉಳಿದರ್ಧ ಯಾವ ತಿಂಗಳಲ್ಲಿ ಮೋಡ ಕವಿಯುತ್ತದೆ ಎಂಬುದರಲ್ಲಿದೆ ಎನ್ನುವುದು ಈ ಬರಹದ ವಾದ.

ಮೊದಲಿಗೆ, ಇದನ್ನು ಅಂದಾಜು ಮಾಡಬೇಕಾದದ್ದು ಯಾಕೆ, ನೇರವಾಗಿ ಅಳೆದುಬಿಡಬಾರದೇಕೆ? ಬಿಸಿಲನ್ನು ಅಳೆಯುವ ಪೈರನೋಮೀಟರ್ ಎಂಬ ಗಾಜಿನ ಗುಮ್ಮಟದ ಉಪಕರಣವನ್ನು ಹವಾಮಾನ ಕೇಂದ್ರಗಳಲ್ಲಿ ನೆಲಕ್ಕೆ ಸಮತಟ್ಟಾಗಿ ಇಟ್ಟಿರುತ್ತಾರೆ. ಹಾಗೆ ಇಟ್ಟರೆ ಮಾತ್ರ ಒಂದು ಊರಿನ ದಾಖಲೆಯನ್ನು ಇನ್ನೊಂದು ಊರಿನದರ ಪಕ್ಕದಲ್ಲಿಟ್ಟು ನೋಡಬಹುದು. ಆದರೆ ಪ್ಯಾನೆಲ್ ಸಮತಟ್ಟಾಗಿ ಮಲಗಿರುವುದಿಲ್ಲ. ಪ್ರತಿಯೊಂದು ಕೋನಕ್ಕೂ ದಿಕ್ಕಿಗೂ ಒಂದೊಂದು ಉಪಕರಣ ಇಟ್ಟು ವರ್ಷಗಟ್ಟಲೆ ಕಾಯುವುದು ಆಗದ ಮಾತು. ಆದ್ದರಿಂದ ಸಮತಟ್ಟು ನೆಲಕ್ಕೆ ಬಿದ್ದ ಬಿಸಿಲಿನ ಅಂಕಿಯನ್ನು ಹಿಡಿದು ಓರೆ ಮೇಲ್ಮೈಗೆ ಎಷ್ಟು ಬಿದ್ದೀತು ಎಂದು ಲೆಕ್ಕ ಕಟ್ಟಬೇಕು. ಲೆಕ್ಕ ತೊಡಕಾಗುವುದು ಇಲ್ಲಿ. ಪ್ಯಾನೆಲ್ಲಿಗೆ ಬರುವ ಬೆಳಕು ಮೂರು ದಾರಿಯಿಂದ ಬರುತ್ತದೆ: ಸೂರ್ಯನಿಂದ ನೇರವಾಗಿ ಬರುವ, ನೆರಳು ಬೀಳಿಸುವ ಬಿಸಿಲು, ಗಾಳಿ, ದೂಳು, ಮೋಡಗಳಲ್ಲಿ ಚದುರಿ ಇಡೀ ಆಕಾಶದಿಂದ ಇಳಿಯುವ ಬೆಳಕು, ನೆಲಕ್ಕೆ ಬಡಿದು ಮೇಲೆದ್ದು ಬರುವ ಬೆಳಕು. ಕೊನೆಯದು ನಮ್ಮ ಕಡೆ ಲೆಕ್ಕಕ್ಕೆ ಬರುವಷ್ಟು ಇಲ್ಲ. ನೆಲ ತನಗೆ ಬಿದ್ದ ಬೆಳಕಿನ ಐದನೇ ಒಂದು ಪಾಲನ್ನು ಹಿಂದಿರುಗಿಸುತ್ತದೆ ಎಂದು ಹಿಡಿದರೂ 13 ಡಿಗ್ರಿ ವಾಲಿದ ಫಲಕಕ್ಕೆ ಅದರಿಂದ ಸಿಗುವುದು ಶೇಕಡಾ ಅರ್ಧಕ್ಕಿಂತ ಕಡಿಮೆ. ಹಿಮದ ನಾಡಿನಲ್ಲಾದರೆ ಕಥೆ ಬೇರೆ. ಮುಖ್ಯವಾದವು ಮೊದಲೆರಡು, ಮತ್ತು ಫಲಕವನ್ನು ವಾಲಿಸಿದಾಗ ಇವೆರಡೂ ನಡೆದುಕೊಳ್ಳುವ ರೀತಿ ತೀರಾ ಬೇರೆ.

ನೇರ ಬಿಸಿಲಿಗೆ ಕೋನವೇ ಸರ್ವಸ್ವ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಹೊತ್ತಿಗೂ ಆಗಸ್ಟ್ 18ರ ಹೊತ್ತಿಗೂ ನಡುಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ; ನೆಟ್ಟಗೆ ನಿಂತ ಕಂಬಕ್ಕೆ ನೆರಳಿರುವುದಿಲ್ಲ. ಈ ಎರಡು ದಿನಗಳ ನಡುವಿನ ಸುಮಾರು ನಾಲ್ಕು ತಿಂಗಳು ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ, ದಕ್ಷಿಣಕ್ಕಲ್ಲ. ಜೂನ್ 21ರಂದು ನೆತ್ತಿಯಿಂದ ಹತ್ತೂವರೆ ಡಿಗ್ರಿ ಉತ್ತರಕ್ಕೆ, ಡಿಸೆಂಬರ್ 21ರಂದು 36 ಡಿಗ್ರಿಗೂ ತುಸು ಹೆಚ್ಚು ದಕ್ಷಿಣಕ್ಕೆ. ಇಲ್ಲಿ 13 ಡಿಗ್ರಿ ದಕ್ಷಿಣಕ್ಕೆ ವಾಲಿದ ಫಲಕ ಸಮತಟ್ಟಾದ ಫಲಕಕ್ಕಿಂತ ಡಿಸೆಂಬರ್ ತಿಂಗಳಲ್ಲಿ ದಿನದ ಒಟ್ಟು ನೇರ ಬಿಸಿಲನ್ನು ಶೇಕಡಾ 20ರಷ್ಟು ಹೆಚ್ಚು ಹಿಡಿಯುತ್ತದೆ, ಜೂನ್ ತಿಂಗಳಲ್ಲಿ ಶೇಕಡಾ 11ರಿಂದ 12ರಷ್ಟು ಕಳೆದುಕೊಳ್ಳುತ್ತದೆ. ಜೂನಿನ ಮಧ್ಯಾಹ್ನ 12ಕ್ಕೆ ನೋಡಿದರೆ ನಷ್ಟ ಶೇಕಡಾ 7 ಮಾತ್ರ. ಉಳಿದದ್ದು ಹೋಗುವುದು ಬೆಳಗ್ಗೆ ಮತ್ತು ಸಂಜೆ: ಆಗ ಸೂರ್ಯ ಪೂರ್ವ ಪಶ್ಚಿಮಗಳಿಂದಲೂ ಉತ್ತರಕ್ಕೆ ಸರಿದು ಫಲಕದ ಬೆನ್ನಿಗಿರುತ್ತಾನೆ. ಚದುರಿದ ಬೆಳಕಿಗೆ ಇಂಥ ಹಟವಿಲ್ಲ. ಅದು ಆಕಾಶದ ಎಲ್ಲ ಕಡೆಯಿಂದಲೂ ಸಮನಾಗಿ ಬರುತ್ತದೆ ಎಂದುಕೊಂಡರೆ 13 ಡಿಗ್ರಿ ವಾಲಿದ ಫಲಕಕ್ಕೆ ಕಾಣದೆ ಹೋಗುವುದು ಆಕಾಶದ ಒಂದು ಸಣ್ಣ ಅಂಚು ಮಾತ್ರ. ನಷ್ಟ ಶೇಕಡಾ 1.3. ಹಾಗಾಗಿ ಸಮತಟ್ಟು ನೆಲದ ಅಂಕಿಯನ್ನು ಓರೆಗೆ ಪರಿವರ್ತಿಸುವ ಮೊದಲು ಕೇಳಬೇಕಾದ ಪ್ರಶ್ನೆ, ಆ ಅಂಕಿಯಲ್ಲಿ ನೇರ ಬಿಸಿಲೆಷ್ಟು, ಚದುರಿದ ಬೆಳಕೆಷ್ಟು ಎಂಬುದು.

ಈ ಪಾಲು ಹಂಚಿಕೆಗೆ ಒಂದು ಜಾಣ ದಾರಿಯನ್ನು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಬೆಂಜಮಿನ್ ಲಿಯು ಮತ್ತು ರಿಚರ್ಡ್ ಜೋರ್ಡಾನ್ 1960ರಲ್ಲಿ ತೋರಿಸಿದರು. ವಾತಾವರಣವೇ ಇಲ್ಲದಿದ್ದರೆ ಒಂದು ಊರಿನ ನೆಲಕ್ಕೆ ಒಂದು ದಿನ ಎಷ್ಟು ಬಿಸಿಲು ಬೀಳುತ್ತಿತ್ತು ಎಂಬುದನ್ನು ಬರೀ ರೇಖಾಗಣಿತದಿಂದ ಕಂಡುಹಿಡಿಯಬಹುದು. ನಿಜವಾಗಿ ಬಿದ್ದದ್ದನ್ನು ಅದರಿಂದ ಭಾಗಿಸಿದರೆ ಆಕಾಶ ಎಷ್ಟು ನಿಚ್ಚಳವಾಗಿತ್ತು ಎಂಬುದಕ್ಕೆ ಒಂದು ಸಂಖ್ಯೆ ಸಿಗುತ್ತದೆ. ಸಂಖ್ಯೆ ದೊಡ್ಡದಾದರೆ ನೇರ ಬಿಸಿಲಿನ ಪಾಲು ಹೆಚ್ಚು, ಚಿಕ್ಕದಾದರೆ ಚದುರಿದ ಬೆಳಕಿನ ಪಾಲು ಹೆಚ್ಚು. ಬೆಂಗಳೂರಿಗೇ ಅನ್ವಯಿಸಿ ನೋಡೋಣ. ಡಿಸೆಂಬರಿನ ಒಂದು ದಿನ ವಾತಾವರಣದ ಹೊರಗೆ ಸಮತಟ್ಟು ಚದರ ಮೀಟರಿಗೆ 8.2 ಯೂನಿಟ್ ಶಕ್ತಿ ಬೀಳುತ್ತದೆ, ಜೂನಿನ ಒಂದು ದಿನ 10.5 ಯೂನಿಟ್. (ವಿದ್ಯುತ್ ಬಿಲ್ಲಿನಲ್ಲಿ ಬರುವ ಯೂನಿಟ್ಟೇ ಇದು.) ಈಗ ಎರಡೂ ದಿನ ನೆಲದ ಮೇಲಿನ ಉಪಕರಣ 5 ಯೂನಿಟ್ ತೋರಿಸಿತು ಎಂದಿಟ್ಟುಕೊಳ್ಳಿ. ಪಟ್ಟಿಯಲ್ಲಿ ಎರಡೂ ದಿನ ಸಮಸಮ. ಆದರೆ ಡಿಸೆಂಬರಿನ 5 ಎಂದರೆ ಬರಬೇಕಾದದ್ದರಲ್ಲಿ ಶೇಕಡಾ 61 ಬಂದಿದೆ, ಆಕಾಶ ತಿಳಿಯಾಗಿತ್ತು. ಚದುರಿದ ಬೆಳಕು ಮೂರನೇ ಒಂದು ಪಾಲು ಇದ್ದೀತು. ಜೂನಿನ 5 ಎಂದರೆ ಬಂದದ್ದು ಶೇಕಡಾ 48 ಮಾತ್ರ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಚದುರಿದ ಬೆಳಕೇ. ಇದೇ ಎರಡು ದಿನಗಳನ್ನು 13 ಡಿಗ್ರಿ ಓರೆಗೆ ಪರಿವರ್ತಿಸಿದರೆ ಡಿಸೆಂಬರಿನದು 5.7 ಆಗುತ್ತದೆ, ಜೂನಿನದು 4.7ಕ್ಕೆ ಇಳಿಯುತ್ತದೆ. ಡಿಸೆಂಬರಿನ ಲಾಭ ಜೂನಿನ ನಷ್ಟದ ಎರಡು ಪಟ್ಟಿಗಿಂತಲೂ ಹೆಚ್ಚು. ಬರೀ ಕೋನ ನೋಡಿದರೆ ಜೂನಿನ ನಷ್ಟ ಇನ್ನೂ ದೊಡ್ಡದಾಗಬೇಕಿತ್ತು; ಅರ್ಧ ಬೆಳಕು ಕೋನಕ್ಕೆ ಸೊಪ್ಪು ಹಾಕದ್ದರಿಂದ ಅದು ಸಣ್ಣದಾಯಿತು. ಮೋಡ ಇನ್ನೂ ದಟ್ಟವಾದರೆ ನಷ್ಟ ಇನ್ನೂ ಸಣ್ಣದು.

ಈಗ ಮೂರು ಊರುಗಳಿಗೆ ಬರೋಣ. ಸೂರ್ಯ ಅತಿ ಉತ್ತರಕ್ಕೆ ತಲುಪುವುದೂ ಆರಿದ್ರಾ ಮಳೆ ಹಿಡಿಯುವುದೂ ಒಂದೇ ಹೊತ್ತಿಗೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಮಂಗಳೂರಿನಲ್ಲಿ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅಂದರೆ ದಕ್ಷಿಣಕ್ಕೆ ವಾಲಿದ ಫಲಕಕ್ಕೆ ಸೂರ್ಯ ಬೆನ್ನು ಹಾಕುವ ತಿಂಗಳುಗಳಲ್ಲಿ. ಆಗ ಕಳೆದುಕೊಳ್ಳಲು ನೇರ ಬಿಸಿಲೇ ಅಷ್ಟಾಗಿ ಇರುವುದಿಲ್ಲ. ಬಿಸಿಲು ಸಿಗುವುದು ನವೆಂಬರಿನಿಂದ ಮೇ ತಿಂಗಳವರೆಗೆ, ಅದರಲ್ಲಿ ಹೆಚ್ಚು ಕಾಲ ಸೂರ್ಯ ದಕ್ಷಿಣದಲ್ಲೇ. ಆದ್ದರಿಂದ ಮಂಗಳೂರಿನ ಫಲಕ ಅಕ್ಷಾಂಶಕ್ಕಿಂತ ನಾಲ್ಕಾರು ಡಿಗ್ರಿ ಹೆಚ್ಚು ವಾಲಿದರೂ ಕೆಡುಕಿಲ್ಲ, ಲಾಭವೇ. ಚೆನ್ನೈ ಇದಕ್ಕೆ ಪೂರ್ತಿ ತಿರುಗುಮುರುಗು. ಅಲ್ಲಿನ ಮಳೆಯ ಅರ್ಧಕ್ಕೂ ಹೆಚ್ಚು ಭಾಗ ಹಿಂಗಾರಿನದು, ಅಕ್ಟೋಬರ್‌ನಿಂದ ಡಿಸೆಂಬರಿನ ನಡುವೆ. ಅತಿ ಹೆಚ್ಚು ಮಳೆಯ ತಿಂಗಳು ನವೆಂಬರ್. ಓರೆ ಫಲಕ ತನ್ನ ಲಾಭ ಗಳಿಸಬೇಕಾದ ತಿಂಗಳುಗಳಲ್ಲೇ ಮೋಡ ಅಡ್ಡ ಬರುತ್ತದೆ. ಹಾಗಾಗಿ ಚೆನ್ನೈಗೆ ಸರಿಹೊಂದುವ ಕೋನ ಮಂಗಳೂರಿನದಕ್ಕಿಂತ ಚಿಕ್ಕದು. ಮುಂಗಾರು ಹಿಂಗಾರು ಎರಡರ ರುಚಿಯನ್ನೂ ನೋಡುವ ಬೆಂಗಳೂರು ನಡುವೆ ಕೂತಿದೆ, ಅಕ್ಷಾಂಶದ ಸೂತ್ರ ಸಾಕಷ್ಟು ಚೆನ್ನಾಗಿ ಹೊಂದುವುದು ಈ ನಡುವಿನ ಊರಿಗೆ. ಇದು ದಕ್ಷಿಣ ಭಾರತದ ವಿಚಿತ್ರವೇನಲ್ಲ. ಬರ್ಲಿನ್ನಿನ ಅಕ್ಷಾಂಶ 52 ಡಿಗ್ರಿಗೂ ಹೆಚ್ಚು, ಆದರೆ ಜರ್ಮನಿಯಲ್ಲಿ ವರ್ಷದ ಅತಿ ಹೆಚ್ಚು ಉತ್ಪಾದನೆ ಕೊಡುವ ಕೋನ 35ರ ಆಸುಪಾಸಿನಲ್ಲಿದೆ. ಅಲ್ಲಿನ ಚಳಿಗಾಲ ಮೋಡದ್ದು, ಬೇಸಿಗೆ ಬಿಸಿಲಿನದು. ಆಕಾಶ ಕೋನವನ್ನು ಕೆಳಕ್ಕೆ ಎಳೆಯುತ್ತದೆ. ನಮ್ಮ ಕರಾವಳಿಯಲ್ಲಿ ಅದೇ ಆಕಾಶ ಮೇಲಕ್ಕೆ ತಳ್ಳುತ್ತದೆ.

ಇದಕ್ಕೆ ಒಂದು ಗಟ್ಟಿ ಆಕ್ಷೇಪ ಇದೆ, ಅದನ್ನು ತೇಲಿಸಿಬಿಡುವಂತಿಲ್ಲ. ಬೆಂಗಳೂರಿನಲ್ಲಿ ಹನ್ನೆರಡೂ ತಿಂಗಳ ಲೆಕ್ಕ ಕೂಡಿಸಿದರೆ ಸಮತಟ್ಟು ಫಲಕಕ್ಕಿಂತ 13 ಡಿಗ್ರಿ ಫಲಕ ವರ್ಷಕ್ಕೆ ಹೆಚ್ಚು ಹಿಡಿಯುವುದು ಶೇಕಡಾ 3ರ ಆಸುಪಾಸು. ಹದಿಮೂರೋ ಹದಿನೇಳೋ ಎಂಬ ಚರ್ಚೆಯಲ್ಲಿ ಇರುವುದು ಅದರಲ್ಲೂ ಒಂದು ಚೂರು. ವರ್ಷದಿಂದ ವರ್ಷಕ್ಕೆ ಬಿಸಿಲೇ ಇದಕ್ಕಿಂತ ಹೆಚ್ಚು ಏರಿಳಿಯಬಹುದು, ತೊಳೆಯದ ಪ್ಯಾನೆಲ್ಲಿನ ದೂಳು ಇದಕ್ಕಿಂತ ಹೆಚ್ಚು ನುಂಗಬಹುದು. ಹಾಗಿದ್ದ ಮೇಲೆ ಇಷ್ಟೆಲ್ಲ ಲೆಕ್ಕ ಯಾತಕ್ಕೆ? ಗ್ರಿಡ್ಡಿಗೆ ವಿದ್ಯುತ್ ಮಾರಿ ವರ್ಷದ ಕೊನೆಗೆ ಒಟ್ಟು ಯೂನಿಟ್ ಎಣಿಸುವವರ ಮಟ್ಟಿಗೆ ಈ ಆಕ್ಷೇಪ ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ‘ಕೋನ ಅಷ್ಟೇನೂ ಮುಖ್ಯವಲ್ಲ’ ಎಂಬುದೂ ಈ ಲೆಕ್ಕದಿಂದಲೇ ಹೊರಬಿದ್ದ ಫಲಿತಾಂಶ, ಮತ್ತು ಅದು ಬೆಲೆಬಾಳುವಂಥದ್ದು. ಫಲಕ ಹೆಚ್ಚು ವಾಲಿದಷ್ಟೂ ಹಿಂದಿನ ಸಾಲಿನ ಮೇಲೆ ಬೀಳುವ ನೆರಳು ಉದ್ದ, ಸಾಲುಗಳ ನಡುವೆ ಬಿಡಬೇಕಾದ ಜಾಗ ಹೆಚ್ಚು, ಗಾಳಿಯ ಹೊಡೆತಕ್ಕೆ ಬೇಕಾದ ಕಬ್ಬಿಣವೂ ಹೆಚ್ಚು. ಇಕ್ಕಟ್ಟಾದ ತಾರಸಿಯಲ್ಲಿ ಕೋನ ತಗ್ಗಿಸಿ ಇನ್ನೆರಡು ಪ್ಯಾನೆಲ್ ಕೂರಿಸುವುದು ಆ ಮೂರು ಶೇಕಡಾಕ್ಕಿಂತ ಲಾಭದ್ದು. ರೈತರಿಂದ ಸುಮಾರು 13,000 ಎಕರೆ ಗುತ್ತಿಗೆ ಪಡೆದು 2,050 ಮೆಗಾವಾಟ್ ಸಾಮರ್ಥ್ಯದ ಪಾರ್ಕ್ ಕಟ್ಟಿದ ಪಾವಗಡದಂಥ ಕಡೆ ಎಕರೆಗೆ ಎಷ್ಟು ಯೂನಿಟ್ ಎಂಬ ಪ್ರಶ್ನೆ ಫಲಕಕ್ಕೆ ಎಷ್ಟು ಯೂನಿಟ್ ಎಂಬುದರಷ್ಟೇ ತೂಕದ್ದು. ಹಾಗೆಂದು ಪೂರ್ತಿ ಮಲಗಿಸಿಬಿಡುವಂತಿಲ್ಲ. ಸಮತಟ್ಟು ಗಾಜಿನ ಮೇಲೆ ಮಳೆನೀರು ಹರಿದುಹೋಗದೆ ಚೌಕಟ್ಟಿನ ಅಂಚಿಗೆ ಕೆಸರು ಕಟ್ಟುತ್ತದೆ. ಐದರಿಂದ ಹತ್ತು ಡಿಗ್ರಿಯಾದರೂ ಇರಲಿ ಎನ್ನುವುದು ಈ ಕಾರಣಕ್ಕೆ. ಇದರಲ್ಲಿ ಸೂರ್ಯನ ಪಾತ್ರವಿಲ್ಲ.

ವರ್ಷದ ಮೊತ್ತಕ್ಕೆ ಒಪ್ಪುವ ಮಾತು ಋತುವಿಗೆ ಕಟ್ಟುಬಿದ್ದ ಕೆಲಸಗಳಿಗೆ ಒಪ್ಪುವುದಿಲ್ಲ. ಬಚ್ಚಲಮನೆಗೆ ಬಿಸಿನೀರು ಕೊಡುವ ಸೋಲಾರ್ ಹೀಟರ್ ತೆಗೆದುಕೊಳ್ಳಿ. ಮಾರ್ಚ್ ಏಪ್ರಿಲ್‌ನಲ್ಲಿ ಅದರ ನೀರು ಕೈ ಸುಡುತ್ತದೆ, ಆದರೆ ಆಗ ಯಾರಿಗೂ ಬೇಡ. ಬೇಕಾಗುವುದು ಧನುರ್ಮಾಸದ ಚಳಿಯಲ್ಲಿ, ಟ್ಯಾಂಕಿನ ನೀರೇ ತಣ್ಣಗಿರುವಾಗ. ಬೇಡದ ತಿಂಗಳ ಶಕ್ತಿಯನ್ನು ಬಿಟ್ಟುಕೊಟ್ಟು ಬೇಕಾದ ತಿಂಗಳದ್ದನ್ನು ಪಡೆಯುವುದು ಜಾಣತನ. ಮೇಲೆ ಹೇಳಿದ ಡಿಸೆಂಬರಿನ 5 ಯೂನಿಟ್ ದಿನವನ್ನೇ ಅಕ್ಷಾಂಶಕ್ಕೆ 15 ಸೇರಿಸಿ 28 ಡಿಗ್ರಿ ಓರೆಗೆ ಲೆಕ್ಕ ಹಾಕಿದರೆ ಅದು 6ನ್ನು ದಾಟುತ್ತದೆ. ಜೂನಿನ ದಿನ 4.2ಕ್ಕೆ ಕುಸಿಯುತ್ತದೆ, ನಿಜ. ಮಳೆಗಾಲದಲ್ಲಿ ಹೀಟರಿಗೆ ಕರೆಂಟಿನ ಆಸರೆ ಹೇಗೂ ಬೇಕು. ವರ್ಷದ ಮೊತ್ತ ನೋಡಿ 28 ಡಿಗ್ರಿಯನ್ನು ತಪ್ಪೆನ್ನುವವರು ಯಾರಿಗೆ ಯಾವಾಗ ಬಿಸಿನೀರು ಬೇಕು ಎಂದು ಕೇಳಿಲ್ಲ. ಹೊಲದ ಸೋಲಾರ್ ಪಂಪಿಗೆ ಇದೇ ತರ್ಕ ತಿರುಗಿ ಅನ್ವಯಿಸುತ್ತದೆ. ರಾಯಚೂರಿನ ಅಕ್ಷಾಂಶ 16 ಡಿಗ್ರಿ. ಆದರೆ ಬೇಸಿಗೆ ಬೆಳೆಗೆ ನೀರು ಹೆಚ್ಚು ಬೇಕಾಗುವ ಏಪ್ರಿಲ್ ಮಧ್ಯದಲ್ಲಿ ಸೂರ್ಯ ಅಲ್ಲಿನ ನೆತ್ತಿಯಿಂದ 7 ಡಿಗ್ರಿ ಮಾತ್ರ ದಕ್ಷಿಣಕ್ಕಿರುತ್ತಾನೆ. ಆ ತಿಂಗಳನ್ನೇ ಗುರಿಯಾಗಿಟ್ಟ ಪಂಪಿನ ಫಲಕ 16 ಡಿಗ್ರಿ ವಾಲಬೇಕಿಲ್ಲ. ಗ್ರಿಡ್ಡಿನ ಹಂಗಿಲ್ಲದೆ ಬ್ಯಾಟರಿ ನೆಚ್ಚಿಕೊಂಡ ಕಾಡಂಚಿನ ಮನೆಗೋ ಟವರಿಗೋ ಲೆಕ್ಕ ಇನ್ನೂ ಬಿಗಿ: ವರ್ಷದ ಸರಾಸರಿ ಅಲ್ಲಿ ಪ್ರಯೋಜನಕ್ಕಿಲ್ಲ, ಅತಿ ಕೆಟ್ಟ ತಿಂಗಳಲ್ಲಿ ಓರೆ ಫಲಕಕ್ಕೆ ಎಷ್ಟು ಬೀಳುತ್ತದೆ ಎಂಬುದರ ಮೇಲೆ ಪ್ಯಾನೆಲ್ಲುಗಳ ಸಂಖ್ಯೆ ನಿರ್ಧಾರವಾಗಬೇಕು.

ಎರಡನೆಯ ಆಕ್ಷೇಪ ಇಂದಿನ ಕಾಲದ್ದು. ಈ ಲೆಕ್ಕವನ್ನೆಲ್ಲ ಸಾಫ್ಟ್‌ವೇರ್ ಮಾಡಿಕೊಡುತ್ತದೆ, ಊರಿನ ಹೆಸರು ಒತ್ತಿದರೆ ತಿಂಗಳವಾರು ಪಟ್ಟಿ ಬರುತ್ತದೆ, ಮನುಷ್ಯ ತಲೆ ಕೆಡಿಸಿಕೊಳ್ಳಬೇಕೇಕೆ? ಸಾಫ್ಟ್‌ವೇರ್ ಲೆಕ್ಕದಲ್ಲಿ ಎಡವುವುದಿಲ್ಲ. ಆದರೆ ಅದು ಒಳಗೊಳಗೇ ಕೆಲವು ನಂಬಿಕೆಗಳನ್ನು ಇಟ್ಟುಕೊಂಡಿರುತ್ತದೆ. ಲಿಯು ಮತ್ತು ಜೋರ್ಡಾನ್ ನೆಚ್ಚಿಕೊಂಡದ್ದು ಮುಖ್ಯವಾಗಿ ಮ್ಯಾಸಚೂಸೆಟ್ಸಿನ ಬ್ಲೂ ಹಿಲ್ ವೀಕ್ಷಣಾಲಯದ ಅಳತೆಗಳನ್ನು. ಆಮೇಲೆ 1977ರಲ್ಲಿ ಬಂದ ಆರ್ಗಿಲ್ ಮತ್ತು ಹಾಲಂಡ್ಸ್ ಅವರ ಸೂತ್ರ ಕೆನಡಾದ ಟೊರಾಂಟೊದ ಆಕಾಶವನ್ನು ನೋಡಿ ಬರೆದದ್ದು. ಅಲ್ಲಿನ ಮೋಡಕ್ಕೂ ಆಷಾಢದ ಮೋಡಕ್ಕೂ, ಅಲ್ಲಿನ ತಿಳಿ ಆಕಾಶಕ್ಕೂ ಬಯಲುಸೀಮೆಯ ದೂಳು ತುಂಬಿದ ತಿಳಿ ಆಕಾಶಕ್ಕೂ ಒಂದೇ ಪಾಲು ಹಂಚಿಕೆ ಹೊಂದಬೇಕೆಂಬ ನಿಯಮವಿಲ್ಲ. ದೂಳು ನೇರ ಬಿಸಿಲನ್ನು ಚದುರಿಸಿ ಚದುರಿದ ಬೆಳಕನ್ನಾಗಿ ಮಾಡುತ್ತದೆ. ಸಮತಟ್ಟು ಉಪಕರಣದ ಮೊತ್ತ ಅಷ್ಟಾಗಿ ಬದಲಾಗದೆಯೂ ಓರೆ ಫಲಕದ ಪಾಲು ಬದಲಾಗಬಹುದು. ಇನ್ನೊಂದು ನಂಬಿಕೆ, ಚದುರಿದ ಬೆಳಕು ಆಕಾಶದ ತುಂಬ ಸಮನಾಗಿ ಹರಡಿದೆ ಎಂಬುದು. ದಟ್ಟ ಮುಂಗಾರು ಮೋಡದಡಿ ಅದು ಬಹುಮಟ್ಟಿಗೆ ನಿಜ. ಜನವರಿಯ ತಿಳಿ ಆಕಾಶದಲ್ಲಿ ಅಲ್ಲ: ಸೂರ್ಯನ ಸುತ್ತಲಿನ ಆಕಾಶ ಉಳಿದ ಕಡೆಗಿಂತ ಬಹಳ ಬೆಳ್ಳಗಿರುತ್ತದೆ, ಆ ಬೆಳಕು ಹೆಚ್ಚುಕಡಿಮೆ ನೇರ ಬಿಸಿಲಿನ ಹಾಗೆಯೇ ನಡೆದುಕೊಳ್ಳುತ್ತದೆ. ಜಾನ್ ಹೇ 1979ರ ಸುಮಾರಿಗೆ ಇದನ್ನು ಲೆಕ್ಕಕ್ಕೆ ತಂದರು; ರಿಚರ್ಡ್ ಪೆರೆಝ್ ಮತ್ತು ಸಂಗಡಿಗರು 1990ರ ಹೊತ್ತಿಗೆ ದಿಗಂತದ ಹತ್ತಿರದ ಬೆಳ್ಳನೆಯ ಪಟ್ಟಿಯನ್ನೂ ಸೇರಿಸಿದರು. ಹಳೆಯ ಸೂತ್ರ ಚಳಿಗಾಲದ ಓರೆ ಫಲಕದ ಲಾಭವನ್ನು ತುಸು ಕಡಿಮೆಯೇ ಹೇಳುತ್ತದೆ. ಯಾವ ಸೂತ್ರ ಬಳಸಬೇಕು ಎಂಬ ಆಯ್ಕೆಯನ್ನು ಅನೇಕ ಸಾಫ್ಟ್‌ವೇರ್‌ಗಳು ಬಳಸುವವರಿಗೇ ಬಿಡುತ್ತವೆ. ಆಯ್ಕೆಯಿದೆ ಎಂಬುದನ್ನು ಗಮನಿಸುವವರು ಕಡಿಮೆ.

ಅನುಮಾನಕ್ಕೆ ಮದ್ದು ನಮ್ಮದೇ ಆಕಾಶವನ್ನು ಅಳೆಯುವುದು. ಆ ಕೆಲಸಕ್ಕೆ ಅಡಿಪಾಯ ಹಾಕಿದವರು ಅಣ್ಣಾ ಮಣಿ. ಕೇರಳದ ಪೀರುಮೇಡಿನಲ್ಲಿ 1918ರಲ್ಲಿ ಹುಟ್ಟಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರಗಳ ಮೇಲೆ ಸಂಶೋಧನೆ ಮಾಡಿದ ಅವರು 1948ರಲ್ಲಿ ಹವಾಮಾನ ಇಲಾಖೆ ಸೇರಿದರು. 1957–58ರ ಅಂತರರಾಷ್ಟ್ರೀಯ ಭೂಭೌತ ವರ್ಷದ ಹೊತ್ತಿಗೆ ದೇಶದಲ್ಲಿ ಸೌರ ವಿಕಿರಣ ಅಳೆಯುವ ಕೇಂದ್ರಗಳ ಜಾಲ ಕಟ್ಟಿದರು, ಅದಕ್ಕೆ ಬೇಕಾದ ಉಪಕರಣಗಳು ಇಲ್ಲೇ ತಯಾರಾಗಬೇಕೆಂದು ಪಟ್ಟು ಹಿಡಿದರು. ಭಾರತದ ಸೌರ ವಿಕಿರಣದ ಅಂಕಿಅಂಶಗಳ ಕೈಪಿಡಿಯನ್ನು 1980ರಲ್ಲಿ ಹೊರತಂದರು. ನಿವೃತ್ತಿಯ ನಂತರ ಬೆಂಗಳೂರಿನಲ್ಲೇ ಇಂಥ ಉಪಕರಣಗಳ ಒಂದು ಸಣ್ಣ ಕಾರ್ಖಾನೆ ನಡೆಸಿದರು. ಸೌರ ಫಲಕ ಮನೆಮನೆಯ ಮಾತಾಗುವುದಕ್ಕೆ ದಶಕಗಳ ಮೊದಲು ಇದು ನಡೆದದ್ದು ಎಂಬುದನ್ನು ಮರೆಯಬಾರದು. ಆಮೇಲೆ 2011ರಲ್ಲಿ ಚೆನ್ನೈನ ಪವನ ಶಕ್ತಿ ಸಂಸ್ಥೆಯ ಉಸ್ತುವಾರಿಯಲ್ಲಿ ಮೊದಲ ಹಂತದಲ್ಲಿ 51 ಕೇಂದ್ರಗಳು ಬಂದವು. ಇವುಗಳ ವಿಶೇಷವೆಂದರೆ ಮೊತ್ತದ ಜೊತೆಗೆ ಪಾಲುಗಳನ್ನೂ ಅಳೆಯುವುದು: ಸೂರ್ಯನನ್ನೇ ಹಿಂಬಾಲಿಸುವ ಯಂತ್ರದ ಮೇಲೆ ಒಂದು ಉಪಕರಣ ನೇರ ಬಿಸಿಲನ್ನಷ್ಟೇ ನೋಡುತ್ತದೆ, ಇನ್ನೊಂದರ ಮೇಲೆ ಸದಾ ಒಂದು ಸಣ್ಣ ಗುಂಡಿನ ನೆರಳು ಬಿದ್ದಿದ್ದು ಅದು ಚದುರಿದ ಬೆಳಕನ್ನಷ್ಟೇ ಎಣಿಸುತ್ತದೆ. ಅಮೆರಿಕದ ಸೂತ್ರದಿಂದ ಊಹಿಸುವ ಬದಲು ಅಳೆದ ಅಂಕಿಯಿಂದಲೇ ಓರೆಯ ಲೆಕ್ಕ ಶುರು ಮಾಡಬಹುದು. ಉಪಗ್ರಹದ ಚಿತ್ರಗಳಿಂದ ಬರುವ ಅಂದಾಜುಗಳನ್ನು ತಿದ್ದಲೂ ಇಂಥ ನೆಲದ ಕೇಂದ್ರಗಳೇ ಗತಿ.

ಕೋನವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವೇ ಇಲ್ಲದ ಮನೆಗಳಲ್ಲಿ ಈ ಲೆಕ್ಕದ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಮಲೆನಾಡು ಕರಾವಳಿಗಳ ಹೆಂಚಿನ ಮಾಡು ಕಡಿದಾಗಿರುತ್ತದೆ. 30 ಡಿಗ್ರಿ ಎಂದಿಟ್ಟುಕೊಳ್ಳೋಣ. ಮಾಡು ದಕ್ಷಿಣೋತ್ತರವಾಗಿ ಇಳಿದಿದ್ದರೆ ಉತ್ತರದ ಮಗ್ಗುಲಿಗೆ ಡಿಸೆಂಬರಿನ ಮಧ್ಯಾಹ್ನ ಸಮತಟ್ಟು ಫಲಕಕ್ಕೆ ಸಿಗುವ ನೇರ ಬಿಸಿಲಿನ ಅರ್ಧ ಮಾತ್ರ ಸಿಗುತ್ತದೆ. ಜೂನಿನ ಮಧ್ಯಾಹ್ನ ಅದೇ ಮಗ್ಗುಲಿಗೆ ಹೆಚ್ಚುಕಡಿಮೆ ಪೂರ್ತಿ ಸಿಗಬೇಕು, ಆದರೆ ಆಗ ಸೂರ್ಯ ಕಾಣಿಸಿದರೆ ತಾನೆ? ಬಿಸಿಲಿರುವಾಗ ಕಳೆದುಕೊಂಡು, ಇಲ್ಲದಿರುವಾಗ ಗಳಿಸುವ ಆ ಮಗ್ಗುಲನ್ನು ಬಿಟ್ಟು ದಕ್ಷಿಣದ್ದನ್ನು ಹಿಡಿಯಬೇಕೆಂಬುದರಲ್ಲಿ ಚರ್ಚೆಯಿಲ್ಲ. ಮಾಡು ಪೂರ್ವ ಪಶ್ಚಿಮಕ್ಕೆ ಇಳಿದಿದ್ದರೆ ಪ್ರಶ್ನೆ ಕಷ್ಟದ್ದು. ರೇಖಾಗಣಿತಕ್ಕೆ ಎರಡು ಮಗ್ಗುಲೂ ಒಂದೇ, ಒಂದಕ್ಕೆ ಬೆಳಗಿನ ಬಿಸಿಲು, ಇನ್ನೊಂದಕ್ಕೆ ಸಂಜೆಯದು. ಆದರೆ ಏಪ್ರಿಲ್ ಮೇ ತಿಂಗಳಲ್ಲಿ ಬೆಳಗ್ಗೆ ತಿಳಿಯಾಗಿದ್ದ ಆಕಾಶದಲ್ಲಿ ಮಧ್ಯಾಹ್ನದ ಮೇಲೆ ಗುಡುಗಿನ ಮೋಡ ಏಳುತ್ತದೆ, ಆಗ ಪೂರ್ವದ ಮಗ್ಗುಲು ಗೆಲ್ಲುತ್ತದೆ. ಚಳಿಗಾಲದಲ್ಲಿ ಘಟ್ಟದ ಕಣಿವೆಗಳಲ್ಲಿ ಒಂಬತ್ತು ಗಂಟೆಯಾದರೂ ಮಂಜು ಕರಗದ ದಿನಗಳಿರುತ್ತವೆ, ಆಗ ಪಶ್ಚಿಮದ್ದು. ಒಟ್ಟಿನಲ್ಲಿ ಯಾವುದು ಮೇಲೆಂಬುದು ಊರಿಂದೂರಿಗೆ ಬದಲಾಗುತ್ತದೆ. ದಿನದ ಮೊತ್ತವನ್ನಷ್ಟೇ ಬರೆದಿಟ್ಟ ದಾಖಲೆ ಅದನ್ನು ಹೇಳಲಾರದು, ಗಂಟೆಗಂಟೆಯ ಅಳತೆಯೇ ಬೇಕು.